ಇಪ್ಪತ್ತು ಅಡಿ ಏಣಿ, ಹದಿನೈದು ಅಡಿ ತಂತಿ

“ನಮ್ಮ ತೋಟದಲ್ಲಿ ಮೂವತ್ತು ವರ್ಷದಿಂದ ಏನೂ ಆಗಿಲ್ಲ ಬಿಡಿ.” ಕೊಡಗಿನ ಕುಟ್ಟದಿಂದ ಶ್ರೀಮಂಗಲದ ತನಕ ಯಾವ ಬೆಳೆಗಾರರ ಬಳಿ ಆಳುಗಳ ಸುರಕ್ಷತೆಯ ಮಾತೆತ್ತಿದರೂ ಬಹುಪಾಲು ಸಿಗುವ ಉತ್ತರ ಇದು. ಸುಳ್ಳೇನಲ್ಲ. ಹೆಚ್ಚಿನವರ ತೋಟದಲ್ಲಿ ನಿಜಕ್ಕೂ ಏನೂ ಆಗಿರುವುದಿಲ್ಲ. ಆದರೆ ಈ ನಿಜವನ್ನು ನಂಬಿ ಕೂತರೆ ಮೋಸ ಹೋಗುತ್ತೇವೆ. ಹೇಗೆಂದು ಲೆಕ್ಕ ಹಾಕಿಯೇ ತೋರಿಸಬೇಕು.

ಮೊದಲು ಕೊಯ್ಲಿನ ಗಾತ್ರ ನೋಡಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗು ಎಂಬ ಈ ಪುಟ್ಟ ಜಿಲ್ಲೆಯದು. ವರ್ಷಕ್ಕೆ ಲಕ್ಷ ಟನ್ನಿಗೂ ಮೇಲೆ. ಒಂದು ಕಿಲೋ ಬೀಜ ಕೈಗೆ ಬರಬೇಕಾದರೆ ನಾಲ್ಕೂವರೆಯಿಂದ ಐದು ಕಿಲೋ ಹಣ್ಣು ಬೇಕು. ಲಕ್ಷ ಟನ್ ಎಂದೇ ಹಿಡಿದರೂ ಐದು ಲಕ್ಷ ಟನ್ ಹಣ್ಣಾಯಿತು. ಅಷ್ಟನ್ನೂ ಹೆಚ್ಚುಕಮ್ಮಿ ಕೈಯಲ್ಲೇ ಬಿಡಿಸುವುದು. ಒಂದಾಳು ದಿನಕ್ಕೆ ನೂರು ಕಿಲೋ ಕೊಯ್ದರೆ ಒಂದು ಕೊಯ್ಲಿಗೆ 50 ಲಕ್ಷ ಆಳು-ದಿನದ ಲೆಕ್ಕ ಬರುತ್ತದೆ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. ತೊಟ್ಟಿಲ ಕೂಸಿನಿಂದ ಹಾಸಿಗೆ ಹಿಡಿದ ಅಜ್ಜಿಯವರೆಗೆ ಎಲ್ಲರೂ ತೋಟಕ್ಕಿಳಿದರೂ ತಲಾ ಒಂಬತ್ತು ದಿನ ಕೊಯ್ಯಬೇಕು! ಹುಣಸೂರು ಕಡೆಯ ಹಾಡಿಗಳಿಂದ, ದೂರದ ಅಸ್ಸಾಮಿನಿಂದ ಜನ ಬಂದು ಲೈನ್ ಮನೆ ತುಂಬುವುದು ಇದಕ್ಕೇ. ಇನ್ನು ಮರಗಸಿ, ಗೊಬ್ಬರ, ಕಳೆ, ಮೆಣಸು ಇದರಲ್ಲಿ ಸೇರಿಲ್ಲ.

ಈಗೊಂದು ಊಹೆ ಮಾಡೋಣ. ತೋಟದ ಒಂದು ದಿನದ ಕೆಲಸದಲ್ಲಿ ಒಬ್ಬ ಆಳು ಸಾಯುವ ಸಂಭವ ಹತ್ತು ಲಕ್ಷಕ್ಕೆ ಒಂದು ಎಂದಿಟ್ಟುಕೊಳ್ಳಿ. ಇದು ಅಳೆದು ಕಂಡ ಅಂಕಿಯಲ್ಲ, ಲೆಕ್ಕಕ್ಕೆ ಹಿಡಿದದ್ದು. ಇಪ್ಪತ್ತು ಆಳು ನೂರು ದಿನ ದುಡಿಯುವ ತೋಟದಲ್ಲಿ ವರ್ಷಕ್ಕೆ 2,000 ಆಳು-ದಿನ, ಮೂವತ್ತು ವರ್ಷಕ್ಕೆ 60,000. ಇಂಥ ನೂರು ತೋಟಗಳಿದ್ದರೆ ಅವುಗಳಲ್ಲಿ ಸುಮಾರು 94 ತೋಟಗಳು ಮೂವತ್ತು ವರ್ಷದಲ್ಲಿ ಒಂದು ಸಾವನ್ನೂ ಕಾಣುವುದಿಲ್ಲ. ಅದೇ ಸಂಭವವನ್ನು ಜಿಲ್ಲೆಯ 50 ಲಕ್ಷ ಆಳು-ದಿನಕ್ಕೆ ಹಚ್ಚಿ ನೋಡಿ: ಕೊಯ್ಲಿಗೆ ಐದು ಸಾವು, ಮೂವತ್ತು ವರ್ಷಕ್ಕೆ 150. ನೂರರಲ್ಲಿ 94 ಬೆಳೆಗಾರರು ಎದೆ ತಟ್ಟಿ ಏನೂ ಆಗಿಲ್ಲ ಎನ್ನುತ್ತಿರುವಾಗಲೇ ಅತ್ತ 150 ಮನೆಗಳಲ್ಲಿ ದುಡಿಯುವವರು ಹೋಗಿರುತ್ತಾರೆ. ಎರಡು ಲೆಕ್ಕವೂ ಸರಿ. ಎಲ್ಲರೂ ಎಚ್ಚರ ವಹಿಸಿ ಅಪಾಯವನ್ನು ಅರ್ಧಕ್ಕಿಳಿಸಿದರೂ ಒಬ್ಬೊಬ್ಬ ಮಾಲೀಕನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಎಪ್ಪತ್ತೈದು ಜೀವ ಉಳಿದಿರುತ್ತದೆ, ಉಳಿದವರು ಯಾರೆಂದು ಯಾರಿಗೂ ತಿಳಿಯದು. ಸುರಕ್ಷತೆಗೆ ದುಡ್ಡು ಬಿಚ್ಚಲು ಕೈ ಹಿಂಜರಿಯುವುದು ಇಲ್ಲೇ.

ಜಗತ್ತಿನ ಮಟ್ಟದಲ್ಲಿ ಈ ಸಣ್ಣ ಸಣ್ಣ ಸಂಭವಗಳು ಕೂಡಿ ಎಷ್ಟಾಗುತ್ತವೆ? ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2019ರಲ್ಲಿ ಕೆಲಸದ ಕಾರಣಕ್ಕೆ ಸತ್ತವರು 29.3 ಲಕ್ಷ. ದಿನಕ್ಕೆ ಎಂಟು ಸಾವಿರ. ಅದರಲ್ಲಿ ಅಪಘಾತದಿಂದಲೇ 3.3 ಲಕ್ಷ.

ಕುಟ್ಟಕ್ಕೆ ಬರೋಣ, ಏಣಿಗೆ ಬರೋಣ. ರೋಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಮೆಣಸಿನ ಕೆಲಸ. ಬಳ್ಳಿ ಸಿಲ್ವರ್ ಓಕ್ ಮರದ ಮೇಲೆ ಎಷ್ಟೆತ್ತರಕ್ಕೆ ಹೋಗಿದೆಯೋ ಏಣಿಯೂ ಅಷ್ಟೆತ್ತರಕ್ಕೆ ಬೇಕು. ಹಿಂದೆ ಬಿದಿರೇಣಿ ಇತ್ತು. ಈಗ ಹಗುರವೆಂದು ಅಲ್ಯೂಮಿನಿಯಂ. ಬೀಳುವ ಲೆಕ್ಕ ಮೊದಲು: ಆರು ಮೀಟರ್ ಮೇಲಿಂದ ಕಾಲು ಜಾರಿದರೆ ನೆಲ ಮುಟ್ಟಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ, ಮುಟ್ಟುವಾಗಿನ ವೇಗ ಗಂಟೆಗೆ 39 ಕಿಲೋಮೀಟರ್. ಒಂಬತ್ತು ಮೀಟರ್ ಆದರೆ 48. ಸ್ಕೂಟರಿನಲ್ಲಿ ಆ ವೇಗಕ್ಕೆ ಹೆಲ್ಮೆಟ್ ಬೇಕೆಂದು ಪೊಲೀಸರು ತಡೆದು ದಂಡ ಹಾಕುತ್ತಾರೆ. ಮರದ ಮೇಲೆ ಯಾರೂ ತಡೆಯುವುದಿಲ್ಲ.

ಅದಕ್ಕಿಂತ ಘೋರವಾದದ್ದು ತಂತಿ. ರಸ್ತೆಯ ಮೇಲಲ್ಲದ ಜಾಗದಲ್ಲಿ 11 ಸಾವಿರ ವೋಲ್ಟಿನ ಹೊದಿಕೆಯಿಲ್ಲದ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಮೇಲಿರಬೇಕು ಎನ್ನುತ್ತದೆ ನಿಯಮ. ಅಂದರೆ ಹದಿನೈದು ಅಡಿ. ಮೆಣಸಿನ ಏಣಿ ಇಪ್ಪತ್ತು ಅಡಿ, ಮೂವತ್ತು ಅಡಿ. ಹಾಗಾಗಿ ಜೋತುಬಿದ್ದ ತಂತಿಯಷ್ಟೇ ಅಲ್ಲ, ಕಾನೂನುಬದ್ಧವಾಗಿ ನೆಟ್ಟಗಿರುವ ತಂತಿಯೂ ಏಣಿಗಿಂತ ಕೆಳಗಿರಬಹುದು. ಅವಘಡ ಆಗುವುದೂ ಸಾಮಾನ್ಯವಾಗಿ ಮರ ಹತ್ತುವಾಗಲ್ಲ, ಒಂದು ಮರದಿಂದ ಇನ್ನೊಂದಕ್ಕೆ ಏಣಿ ಸಾಗಿಸುವಾಗ. ಮಲಗಿಸಿ ಹೊತ್ತರೆ ಕಾಫಿ ಗಿಡದ ರೆಕ್ಕೆ ಮುರಿಯುತ್ತದೆಂದು ನಿಲ್ಲಿಸಿಕೊಂಡೇ ನಡೆಯುತ್ತಾರೆ. ಇಬ್ಬರು ಹಿಡಿದಿರುತ್ತಾರೆ, ಇಬ್ಬರ ಕಣ್ಣೂ ಕಾಲಡಿಯ ತರಗೆಲೆ, ಗುಂಡಿ, ಕಾಫಿ ಬುಡದ ಮೇಲೆ. ತಂತಿಯಾದರೋ ನೆರಳು ಮರಗಳ ಸೊಪ್ಪಿನ ಸಂದಿಯಲ್ಲಿ ಮರೆಯಾಗಿರುತ್ತದೆ. ಒಂದೇ ತೋಟದಲ್ಲಿ ಇಬ್ಬರು ಒಟ್ಟಿಗೆ ಸಾಯುವುದು ಹೀಗೆ.

ಎಷ್ಟು ವಿದ್ಯುತ್ ಹರಿಯುತ್ತದೆ? ಎದೆಬಡಿತ ಅಡ್ಡಾದಿಡ್ಡಿಯಾಗಲು ಸುಮಾರು 100 ಮಿಲಿಆಂಪಿಯರ್ ಸಾಕು. ಮನೆಯಲ್ಲಿ ಜೀವ ಉಳಿಸಲೆಂದು ಹಾಕಿಸುವ ಆರ್‌ಸಿಸಿಬಿ ಸ್ವಿಚ್ಚು 30 ಮಿಲಿಆಂಪಿಯರ್ ಸೋರಿದರೇ ಬೀಳುತ್ತದೆ. ಏಳು ವಾಟಿನ ಒಂದು ಎಲ್‌ಇಡಿ ಬಲ್ಬು ಎಳೆಯುವುದು ಹೆಚ್ಚುಕಡಿಮೆ ಅಷ್ಟೇ. 11 ಸಾವಿರ ವೋಲ್ಟಿನ ಲೈನಿನಲ್ಲಿ ಒಂದು ತಂತಿಗೂ ನೆಲಕ್ಕೂ ನಡುವೆ ಇರುವುದು ಸುಮಾರು 6,350 ವೋಲ್ಟ್. ಮೈಯ ತಡೆಯನ್ನು ಒಂದು ಸಾವಿರ ಓಮ್ ಎಂದು ಹಿಡಿದರೆ ಆರು ಆಂಪಿಯರಿಗೂ ಮೇಲೆ. ಆ ಬಲ್ಬಿನ ಇನ್ನೂರು ಪಟ್ಟು. ರಬ್ಬರ್ ಚಪ್ಪಲಿ, ಒಣ ಮಣ್ಣು ಎಲ್ಲ ಸೇರಿ ಹತ್ತರಲ್ಲಿ ಒಂಬತ್ತು ಪಾಲು ತಡೆದವು ಎನ್ನಿ. ಉಳಿದ ಒಂದು ಪಾಲೂ ಕೊಲ್ಲಲು ಬೇಕಾದದ್ದರ ಆರು ಪಟ್ಟು.

ಆಮೇಲೆ ನಿಮಿಷಗಳ ಲೆಕ್ಕ. ಹೀಗೆ ಎದೆಬಡಿತ ಕೆಟ್ಟ ಮನುಷ್ಯನಿಗೆ ಯಾರೂ ಎದೆ ಒತ್ತದೆ ಬಿಟ್ಟರೆ ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ನೂರರಲ್ಲಿ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಕುಟ್ಟದಿಂದ ಗೋಣಿಕೊಪ್ಪಕ್ಕೇ ಮೂವತ್ತು ಕಿಲೋಮೀಟರಿಗೂ ಮೇಲೆ. ನಮ್ಮ ತಿರುವುಗಳಲ್ಲಿ ಮುಕ್ಕಾಲು ಗಂಟೆ. ಹತ್ತು ನಿಮಿಷದಲ್ಲಿ ಮುಗಿಯುವ ಆಟಕ್ಕೆ ನಲವತ್ತೈದು ನಿಮಿಷದ ದಾರಿ. ಹಾಗಾಗಿ ಡಾಕ್ಟರಿಗಿಂತ ಮೊದಲು ಅಲ್ಲೇ ಇರುವ ರೈಟರೋ ಮೇಸ್ತ್ರಿಯೋ ಎದೆಯ ನಡುವೆ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಲು ಕಲಿತಿರಬೇಕು. ಲೈನ್ ಆಫ್ ಆಯಿತೆಂದು ಖಾತ್ರಿಯಾಗುವ ತನಕ ಹತ್ತಿರ ಹೋಗಬಾರದು ಎಂಬುದನ್ನೂ ಜೊತೆಗೇ ಕಲಿಸಬೇಕು.

ಇನ್ನು ಕಾಡು. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,395, ನಾಗರಹೊಳೆಯೊಂದರಲ್ಲೇ 831. ಚದರ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು. ಆ ಕಾಡಿನ ಅಂಚೇ ಕುಟ್ಟದ ಬೇಲಿ. ಆನೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬರಬಲ್ಲದು. ಗಿಡ ತುಂಬಿದ ರೋಬಸ್ಟಾ ತೋಟದಲ್ಲಿ ಮೂವತ್ತು ಮೀಟರ್ ಆಚೆಗೆ ನೋಟ ಹೋಗುವುದಿಲ್ಲ. ಕಂಡ ಕ್ಷಣದಿಂದ ಮೈಮೇಲೆ ಬರುವ ತನಕ ಐದು ಸೆಕೆಂಡೂ ಇಲ್ಲ. ಓಡುವುದನ್ನು ಕಲಿಸಿ ಏನು ಪ್ರಯೋಜನ? ಆನೆ ಎಲ್ಲಿದೆ ಎಂಬ ಸುದ್ದಿ ಆಳಿಗಿಂತ ಮೊದಲು ತೋಟಕ್ಕೆ ಬಂದಿರಬೇಕು. ತಮಿಳುನಾಡಿನ ವಾಲ್ಪಾರೈಯಲ್ಲಿ ವನ್ಯಜೀವಿ ಸಂಶೋಧಕ ಆನಂದ ಕುಮಾರ್ ಮತ್ತು ಸಂಗಡಿಗರು ಇದನ್ನೇ ಮಾಡಿದರು: ಹತ್ತಿರ ಆನೆ ಇದ್ದರೆ ಮೊಬೈಲಿಗೆ ಸಂದೇಶ, ಕಂಬದ ಮೇಲೆ ಫೋನ್ ಕರೆಯಿಂದಲೇ ಹೊತ್ತುವ ಕೆಂಪು ದೀಪ. ಅಲ್ಲಿ ಸಾವು ಇಳಿದವು. 2015ರಲ್ಲಿ ಆನಂದ ಕುಮಾರ್ ಅವರಿಗೆ ವನ್ಯಜೀವಿ ಸಂರಕ್ಷಣೆಯ ವಿಟ್ಲಿ ಪ್ರಶಸ್ತಿ ಬಂತು.

ಹುಲಿಯ ಲೆಕ್ಕ ಬೇರೆ. 2022ರ ಗಣತಿಯಲ್ಲಿ ನಾಗರಹೊಳೆಯ ಹುಲಿಗಳು 141. 2023ರ ಫೆಬ್ರವರಿ 12ರ ಸಂಜೆ ಕುಟ್ಟದ ಪಕ್ಕದ ಕೆ. ಬಾಡಗದಲ್ಲಿ ಕಾಫಿ ಕೊಯ್ಯಲು ಬಂದ ಕುಟುಂಬದ ಹುಡುಗನೊಬ್ಬನನ್ನು ಹುಲಿ ಕೊಂದಿತು. ಮರುದಿನ ಬೆಳಿಗ್ಗೆ ಅದೇ ಜಾಗದ ಸುತ್ತಮುತ್ತ ಅವನ ಬಂಧುವಾದ ವೃದ್ಧರೊಬ್ಬರನ್ನೂ ಕೊಂದಿತು. ಮೊದಲ ಸಾವಿನಿಂದ ಎರಡನೆಯದಕ್ಕೆ ಒಂದು ರಾತ್ರಿಯ ಅಂತರ. 14ರಂದು ಹುಲಿ ಸೆರೆಸಿಕ್ಕಿತು. ಬಂದವರು ಹುಣಸೂರು ಕಡೆಯವರು. ಈ ತೋಟದ ಯಾವ ಮೂಲೆ ಕಾಡಿಗೆ ತಾಗಿದೆ, ಯಾವ ಹೊತ್ತಿನಲ್ಲಿ ಎಲ್ಲಿಗೆ ಹೋಗಬಾರದು ಎಂಬುದು ಹೊರಗಿನಿಂದ ಬಂದವರಿಗೆ ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುವ ವಿಷಯ.

ಕಾನೂನಿನ ಕತೆ ಚಿಕ್ಕದು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಹಿಡಿಯುತ್ತಿದ್ದದ್ದು ಐದು ಹೆಕ್ಟೇರು, ಹದಿನೈದು ಆಳು ಅಥವಾ ಅದಕ್ಕೂ ಹೆಚ್ಚಿರುವ ತೋಟಗಳನ್ನು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಸಣ್ಣವು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಆದರೆ ಸಣ್ಣ ಬೆಳೆಗಾರರ ತೋಟಕ್ಕೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಕಾಯುವುದು ವ್ಯರ್ಥ.

ದುಡ್ಡಿನ ಮಾತೇ ಬೇಕೆಂದರೆ ಅದೂ ಇದೆ. 1923ರ ನೌಕರರ ಪರಿಹಾರ ಕಾಯ್ದೆಯಿಂದ ನಡೆದುಬಂದ ಸೂತ್ರದಂತೆ, ತಿಂಗಳಿಗೆ 15,000 ಸಂಬಳದ ಮೂವತ್ತು ವರ್ಷದ ಆಳು ಕೆಲಸದಲ್ಲಿ ಸತ್ತರೆ ಸಂಬಳದ ಅರ್ಧವನ್ನು 207.98ರಿಂದ ಗುಣಿಸಬೇಕು: 15,59,850 ರೂಪಾಯಿ. ತಡ ಮಾಡಿದರೆ ನೂರಕ್ಕೆ 12ರ ಬಡ್ಡಿ. ಕಾಫಿ ಚೀಲಕ್ಕೆ ಹತ್ತು ಸಾವಿರ ಎಂದು ಹಿಡಿದರೂ 156 ಚೀಲ. ಸಾಧಾರಣ ಇಳುವರಿಯ ಎಂಟೊಂಬತ್ತು ಎಕರೆಯ ಒಂದು ವರ್ಷದ ಬೆಳೆ. ವಿಮೆ ಮಾಡಿಸದ ಸಣ್ಣ ಬೆಳೆಗಾರ ತೋಟವನ್ನೇ ಮಾರಬೇಕಾದೀತು. ಅಲ್ಯೂಮಿನಿಯಂನಂತೆ ವಿದ್ಯುತ್ ಹರಿಸದ ಫೈಬರ್ ಗ್ಲಾಸ್ ಏಣಿಗೆ ಬೆಲೆ ಜಾಸ್ತಿ ಎನ್ನುವವರು ಈ ಅಂಕಿಯ ಪಕ್ಕದಲ್ಲಿ ಅಂಗಡಿಯ ರಸೀದಿ ಇಟ್ಟು ನೋಡಲಿ. ಕಣದಲ್ಲಿ ಒಣಗುವ ಕಾಫಿ ಕಾಯಲು ಸಿಸಿಟಿವಿ ಹಾಕಿಸುವ ನಾವು ಆ ಕಾಫಿ ಕೊಯ್ಯುವವರ ಏಣಿಗೆ ಚೌಕಾಸಿ ಮಾಡುವುದು ನನಗಂತೂ ಅರ್ಥವಾಗದ ವ್ಯಾಪಾರ.

ಬೆಳೆಗಾರ ಮಿತ್ರರಲ್ಲಿ ಕೇಳಿಕೊಳ್ಳುವುದಿಷ್ಟೇ. ಈ ಸಲ ಮೆಣಸಿಗೆ ಏಣಿ ಇಳಿಸುವ ಮೊದಲು ಲೈನ್ ಹಾದುಹೋಗುವ ಸಾಲಿನಲ್ಲಿ ಒಂದು ಸುತ್ತು ನಡೆಯಿರಿ. ತಂತಿ ಹತ್ತಿರದ ಮರಗಳಿಗೆಲ್ಲ ಕೆಂಪು ಬಣ್ಣ ಬಳಿಸಿ, ಆ ಮರಗಳ ಮೆಣಸನ್ನು ಲೈನ್ ಆಫ್ ಮಾಡಿಸಿದ ದಿನವೇ ಕೊಯ್ಯಿಸಿ. ಜೋತ ತಂತಿ ಕಂಡರೆ ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ವಿದ್ಯುತ್ತಿಗೆ 1912, ಅರಣ್ಯ ಇಲಾಖೆಗೆ 1926, ಆಂಬುಲೆನ್ಸಿಗೆ 108: ಈ ಮೂರು ನಂಬರನ್ನು ಲೈನ್ ಮನೆಯ ಗೋಡೆಯ ಮೇಲೆ ಕನ್ನಡದ ಜೊತೆಗೆ ಅಸ್ಸಾಮಿಯಲ್ಲೂ ಬರೆಸಿ.