ಬಂಡೆಯಂಚಿನ ಹತ್ತಿ ಗಿರಣಿ

ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಮಳೆಗೂ ಹಳ್ಳಕೊಳ್ಳಗಳಿಗೂ ಕೊರತೆಯಿಲ್ಲದಿದ್ದರೂ ನೀರಿನ ಬಲದಿಂದ ನೂಲು ತೆಗೆಯುವ ಕರ್ನಾಟಕದ ಹೆಸರಾಂತ ಗಿರಣಿ ತಲೆಯೆತ್ತಿದ್ದು ದೂರದ ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಿ. ಏಕೆಂದರೆ ಆ ಗುಡ್ಡಗಳ ಹೇಮಾವತಿ ನದಿಯ ಸೀಮೆ ಕಾಫಿ, ಏಲಕ್ಕಿಯದಾದರೆ ಗೋಕಾಕದ ಘಟಪ್ರಭಾ ನದಿಯ ಸುತ್ತಲಿನ ಎರೆಭೂಮಿ ಹತ್ತಿಯದು. ಇದನ್ನು ನಡೆಸಲು 1885ರಲ್ಲಿ ಕಂಪನಿಯೊಂದು ಸ್ಥಾಪನೆಯಾಯಿತು; ಗಿರಣಿ 1887ರಲ್ಲಿ ಕೆಲಸ ಆರಂಭಿಸಿತು.

ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ನೀರಿನ ಪ್ರಮಾಣ ಮತ್ತು ಅದು ಬೀಳುವ ಎತ್ತರ, ಇವೆರಡರ ಗುಣಲಬ್ಧವೇ ಶಕ್ತಿಯ ಅಳತೆಯಾದ್ದರಿಂದ, ಕೊಳವೆಯಲ್ಲಿ ಇಳಿದ ನೀರು ಟರ್ಬೈನನ್ನು, ಅಂದರೆ ಅಲಗುಗಳುಳ್ಳ ಚಕ್ರವನ್ನು, ರಭಸದಿಂದ ತಿರುಗಿಸುತ್ತದೆ. ಆ ಕಾಲದ ಗಿರಣಿಗಳಲ್ಲಿ ಈ ತಿರುಗು ಬಲವನ್ನು ಹಗ್ಗ, ಪಟ್ಟಿಗಳ ಮೂಲಕ ಛಾವಣಿಯಡಿಯ ಉದ್ದನೆಯ ಅಚ್ಚುಗಳಿಗೂ ಅಲ್ಲಿಂದ ಕದಿರುಗಳಿಗೂ ಸಾಗಿಸುತ್ತಿದ್ದರು. ಕಟ್ಟಡ ಉದ್ದವಾಗಿರಲು ಇದೂ ಒಂದು ಕಾರಣ, ಬರೀ ಅಂದಕ್ಕಾಗಿ ಅಲ್ಲ. ಬೇಸಿಗೆಯಲ್ಲಿ ನದಿ ಬಡವಾಗುವುದೇ ಈ ವ್ಯವಸ್ಥೆಯ ದೌರ್ಬಲ್ಯ. ಗಿರಣಿಯ ಬಳಿ ಕಂದರದ ಮೇಲೆ ತೂಗುಸೇತುವೆಯೂ, ದಡದಲ್ಲಿ ಚಾಲುಕ್ಯ ಶೈಲಿಯ ಹಳೆಯ ಗುಡಿಗಳೂ ಇವೆ.