ನೆನಪಿನ ಸುರಂಗದಲ್ಲೊಂದು ದೀಪ

ಮನುಷ್ಯನು ತನ್ನ ಆಯುಷ್ಯದಲ್ಲಿ ಕಾಣುವ ದೃಶ್ಯಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲು ಬೆಳಗಿನ ಮಂಜಿನಂತೆ ಕರಗಿಹೋಗುತ್ತವೆ. ಕೆಲವೇ ಕೆಲವು ಮಾತ್ರ, ಏಕೆಂದು ನಮಗೇ ತಿಳಿಯದಂತೆ, ಮನಸ್ಸಿನಲ್ಲಿ ಬೇರೂರಿ ನಿಂತುಬಿಡುತ್ತವೆ. ಮದುವೆ ಮುಂಜಿಗಳ ಸಡಗರ ಮರೆತುಹೋದ ಮೇಲೂ ಬಚ್ಚಲೊಲೆಯ ಮುಂದೆ ಕುಳಿತಿದ್ದ ಅಜ್ಜಿಯ ಮುಖದ ಮೇಲೆ ಆಡುತ್ತಿದ್ದ ಬೆಂಕಿಯ ಬೆಳಕು ಮರೆಯುವುದಿಲ್ಲ. ಕವಿಗಳೂ ಕಲಾವಿದರೂ ಮಾಡುವ ಸೃಷ್ಟಿಕಾರ್ಯಕ್ಕೆ ಬೀಜವೆಂದರೆ ಇಂತಹ ಚಿತ್ರಗಳೇ ಎಂದು ಬಲ್ಲವರು ಹೇಳುತ್ತಾರೆ. ಈ ಮಾತಿನ ಸತ್ಯವನ್ನು ನಾವು ಪುಸ್ತಕಗಳಿಂದ ಅರಿತುದಕ್ಕಿಂತ ನಮ್ಮದೇ ಒಂದು ತಪ್ಪಿನಿಂದ ಅರಿತದ್ದು ಹೆಚ್ಚು. ಆ ತಪ್ಪನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮ ಮನಸ್ಸಿನಲ್ಲಿ ನಿಂತಿರುವ ಚಿತ್ರವನ್ನು ಹೇಳುತ್ತೇವೆ. ಕಾಸರಗೋಡಿನ ನಮ್ಮ ಗುಡ್ಡಗಾಡಿನಲ್ಲಿ ನೀರಿಗಾಗಿ ಸುರಂಗ ಕೊರೆಯುವ ಪದ್ಧತಿ ಹಿಂದಿನಿಂದ ಬಂದದ್ದು. ಮುರಕಲ್ಲಿನ ಗುಡ್ಡದ ಪಕ್ಕಕ್ಕೆ, ಒಬ್ಬ ಮನುಷ್ಯನು ಬಾಗಿ ನಡೆಯುವಷ್ಟು ಅಗಲ ಎತ್ತರಕ್ಕೆ, ಪಿಕ್ಕಾಸಿನಿಂದ ಕಡಿಯುತ್ತ ಒಳಗೆ ಹೋಗಬೇಕು. ಎಲ್ಲೋ ಒಂದೆಡೆ ಒರತೆ ಸಿಕ್ಕಿದರೆ ನೀರು ತಾನಾಗಿಯೇ ಇಳಿಜಾರಿನಲ್ಲಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ನಾವು ಏಳೆಂಟು ವರ್ಷದವರಾಗಿದ್ದಾಗ ನಮ್ಮ ಅಡಕೆ ತೋಟದ ಮೇಲಣ ಗುಡ್ಡದಲ್ಲಿ ಅಂತಹ ಸುರಂಗವೊಂದನ್ನು ಕೊರೆಯುತ್ತಿದ್ದರು. ನಾವು ಬಾಯಿಯ ಬಳಿ ಕುಳಿತು ಒಳಗೆ ನೋಡುತ್ತಿದ್ದೆವು. ಕತ್ತಲೆಯ ಕೊನೆಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕದಾಗಿ ಒಂದು ದೀಪ ಕಾಣುತ್ತಿತ್ತು. ದೀಪ ನಂದಿದರೆ ಒಳಗೆ ಗಾಳಿಯಿಲ್ಲವೆಂದು ಅರ್ಥ. ಆಗ ಕೆಲಸದವನು ಹೊರಗೆ ಬಂದುಬಿಡಬೇಕು. ಆದುದರಿಂದ ನಮ್ಮ ತಾಯಿಯವರು, “ದೀಪ ಉಂಟೋ ನೋಡು ಮಗಾ” ಎಂದು ಅಂಗಳದಿಂದಲೇ ಕೂಗುತ್ತಿದ್ದರು. ಸಂಜೆ ಆ ಮನುಷ್ಯನು ಮೈಯೆಲ್ಲ ಕೆಂಪು ಕೆಸರಾಗಿ, ಹಾಳೆಯ ಮುಟ್ಟಾಳೆಯಿಂದ ನೀರು ತೊಟ್ಟಿಕ್ಕಿಸುತ್ತ, ದೀಪವನ್ನು ಕೈಯಲ್ಲಿ ಹಿಡಿದು ಹೊರಗೆ ಬರುತ್ತಿದ್ದನು. “ಇವತ್ತು ಒಂದು ಕೋಲು” ಎನ್ನುತ್ತಿದ್ದನು, ಬೇರೆ ಮಾತಿಲ್ಲ.

ನಾಲ್ಕು ದಶಕಗಳು ಕಳೆದರೂ ಆ ದೀಪ ನಮ್ಮೊಳಗೆ ಆರಿಲ್ಲ. ಅದನ್ನು ಕುರಿತು ಏನಾದರೂ ಬರೆಯಬೇಕೆಂಬ ಆಸೆ ತಾರುಣ್ಯದಿಂದಲೂ ಇತ್ತು. ಬರೆಯಲಾಗಲಿಲ್ಲ. ಅದು ಸಾಹಿತ್ಯಕ್ಕೆ ಯೋಗ್ಯವಾದ ವಸ್ತುವಲ್ಲವೆಂದು ನಾವು ಆಗ ತಿಳಿದಿದ್ದೆವು.

ಕಂಡದ್ದು ಮತ್ತು ಬರೆದದ್ದು

ಅಧ್ಯಾಪಕ ತರಬೇತಿಯ ಕಾಲದಲ್ಲಿ ನಮಗೆ ನೆನಪಿನ ಕುರಿತು ಮೊದಲು ಪರಿಚಯವಾದವರು ಜರ್ಮನಿಯ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಉರುಹೊಡೆದು, ಎಷ್ಟು ಬೇಗ ಮರೆತುಹೋಗುವುವೆಂದು ಅಳೆದು, ೧೮೮೫ರಲ್ಲಿ ಅವರು ಫಲಿತಾಂಶವನ್ನು ಪ್ರಕಟಿಸಿದರು. ಕಲಿತದ್ದರಲ್ಲಿ ಬಹುಭಾಗವು ಮೊದಲಿನ ಕೆಲವು ಗಂಟೆಗಳಲ್ಲಿಯೇ ಜಾರಿಹೋಗುತ್ತದೆಂಬುದು ಅದರ ಸಾರ. ಇಂಗ್ಲೆಂಡಿನ ಬಾರ್ಟ್ಲೆಟ್ ಎಂಬವರು ೧೯೩೨ರ ತಮ್ಮ ಗ್ರಂಥದಲ್ಲಿ ಬೇರೊಂದು ದಾರಿ ಹಿಡಿದರು. ಅವರು ಜನರಿಗೆ ಅಪರಿಚಿತವಾದ ಒಂದು ಜನಪದ ಕಥೆಯನ್ನು ಓದಿಸಿ, ಕಾಲಾಂತರದಲ್ಲಿ ಮತ್ತೆ ಮತ್ತೆ ಹೇಳಿಸಿ ನೋಡಿದರು. ಪ್ರತಿಯೊಬ್ಬನೂ ತನಗೆ ಒಗ್ಗದುದನ್ನು ಬಿಟ್ಟು, ತನ್ನ ಬದುಕಿಗೆ ಒಪ್ಪುವುದನ್ನು ಸೇರಿಸಿ, ಕಥೆಯನ್ನು ಹೊಸದಾಗಿ ಕಟ್ಟುತ್ತಿದ್ದನು. ನೆನಪು ಎಂಬುದು ಪೆಟ್ಟಿಗೆಯಲ್ಲಿಟ್ಟ ಛಾಯಾಚಿತ್ರವಲ್ಲ. ತೆಗೆದಾಗಲೆಲ್ಲ ಮರಳಿ ಕಟ್ಟುವ ಮನೆ ಎಂದು ಇದರಿಂದ ತಿಳಿಯಿತು. ಹೀಗೆ ನೋಡಿದರೆ ನೆನೆಯುವ ಕ್ರಿಯೆಯಲ್ಲಿಯೇ ಸೃಷ್ಟಿಯ ಆರಂಭವಿದೆ.

ಇದಕ್ಕೆ ಆಂಗ್ಲ ಕವಿ ವರ್ಡ್ಸ್‌ವರ್ತರ ನಿದರ್ಶನ ಪ್ರಸಿದ್ಧವಾದುದು. ೧೮೦೨ರ ಏಪ್ರಿಲ್ ೧೫ರಂದು ಕವಿಯೂ ಅವರ ತಂಗಿ ಡೊರೊಥಿಯೂ ಸರೋವರವೊಂದರ ದಡದಲ್ಲಿ ನಡೆದು ಬರುವಾಗ ಹಳದಿ ಡ್ಯಾಫೊಡಿಲ್ ಹೂಗಳ ರಾಶಿಯನ್ನು ಕಂಡರು. ತಂಗಿಯು ಆ ನೋಟವನ್ನು ದಿನಚರಿಯಲ್ಲಿ ವಿವರವಾಗಿ ಬರೆದಿಟ್ಟಳು. ಅಣ್ಣನು ಕವಿತೆ ರಚಿಸಿದ್ದು ಸುಮಾರು ಎರಡು ವರ್ಷಗಳ ಅನಂತರ; ಅದು ಅಚ್ಚಾದದ್ದು ೧೮೦೭ರಲ್ಲಿ. ಅದರ ಎರಡು ಸಾಲುಗಳು ಪತ್ನಿ ಮೇರಿಯವರ ಕೊಡುಗೆಯೆಂದು ಕವಿಯೇ ಒಪ್ಪಿಕೊಂಡಿದ್ದಾರೆ. ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಕಂಡ ಕೂಡಲೇ ಕವಿತೆ ಹುಟ್ಟಲಿಲ್ಲ. ಚಿತ್ರವು ಒಳಗೆ ಮಾಗಬೇಕಾಯಿತು. ಹಾಗೆ ಮಾಗಿದ ನೆನಪೂ ಒಬ್ಬನ ಸ್ವತ್ತಾಗಿರಲಿಲ್ಲ; ಮನೆಯವರೆಲ್ಲರೂ ಅದನ್ನು ಕಾಪಾಡಿದ್ದರು.

ಗೋಡೆಯ ಚಿತ್ರದಿಂದ ಅಗ್ರಹಾರಕ್ಕೆ

ನಮ್ಮ ಕನ್ನಡದಲ್ಲಿಯೇ ಇದಕ್ಕಿಂತ ವಿಸ್ಮಯಕರವಾದ ನಿದರ್ಶನವೊಂದುಂಟು. ಅದು ಆರಂಭವಾಗುವುದು ದೂರದ ಸ್ವೀಡನ್ ದೇಶದಲ್ಲಿ.

ಅಲ್ಲಿನ ಟ್ಯಾಬಿ ಎಂಬಲ್ಲಿ ಹಳೆಯ ಇಗರ್ಜಿಯೊಂದಿದೆ. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಆಲ್ಬರ್ಟಸ್ ಪಿಕ್ಟರ್ ಎಂಬ ಚಿತ್ರಕಾರನು ಅದರ ಒಳಮಾಳಿಗೆಯಲ್ಲಿ, ಮೃತ್ಯುವು ಮನುಷ್ಯನೊಡನೆ ಚದುರಂಗವಾಡುವ ಚಿತ್ರವನ್ನು ಬರೆದನು. ಕೆಲವು ಶತಮಾನಗಳ ತರುವಾಯ ಆ ದೇಶದ ಧರ್ಮಗುರುಗಳೊಬ್ಬರು ಹಳ್ಳಿಯ ಇಗರ್ಜಿಗಳಿಗೆ ಪ್ರವಚನಕ್ಕೆ ಹೋಗುವಾಗ ತಮ್ಮ ಮಗನನ್ನೂ ಕರೆದೊಯ್ಯುತ್ತಿದ್ದರು. ತಂದೆಯು ಪ್ರವಚನ ಮಾಡುತ್ತಿದ್ದರೆ ಹುಡುಗನು ಕತ್ತೆತ್ತಿ ಗೋಡೆ ಮಾಳಿಗೆಗಳ ಹಳೆಯ ಚಿತ್ರಗಳನ್ನು ನೋಡುತ್ತ ಕುಳಿತಿರುತ್ತಿದ್ದನು. ಆ ಹುಡುಗನೇ ಮುಂದೆ ಜಗತ್ಪ್ರಸಿದ್ಧ ಚಲಚ್ಚಿತ್ರ ನಿರ್ದೇಶಕನಾದ ಇಂಗ್ಮರ್ ಬರ್ಗ್‌ಮನ್. ಬಾಲ್ಯದ ಆ ಚಿತ್ರಗಳು ಅವರಲ್ಲಿ ಮೊದಲು ಒಂದು ಏಕಾಂಕ ನಾಟಕವಾದವು. ಬಳಿಕ ೧೯೫೭ರಲ್ಲಿ ‘ದ ಸೆವೆಂತ್ ಸೀಲ್’ ಎಂಬ ಚಲಚ್ಚಿತ್ರವಾದವು. ಪ್ಲೇಗು ಹಬ್ಬಿದ ನಾಡಿಗೆ ಮರಳಿದ ಯೋಧನೊಬ್ಬನು ಮೃತ್ಯುವಿನೊಡನೆ ಚದುರಂಗವಾಡುವ ಕಥೆ ಅದು.

ಇನ್ನು ಕೆಲವು ವರ್ಷ ಮುಂದಕ್ಕೆ ಹೋಗೋಣ. ತೀರ್ಥಹಳ್ಳಿಯ ಸೀಮೆಯ ಮೇಳಿಗೆಯಲ್ಲಿ ೧೯೩೨ರಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರು ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿದ್ದರು. ಅಲ್ಲಿ ತಮ್ಮ ಗುರುಗಳೂ ಕಾದಂಬರಿಕಾರರೂ ಆಗಿದ್ದ ಮಾಲ್ಕಂ ಬ್ರಾಡ್ಬರಿಯವರೊಡನೆ ಈ ಚಲಚ್ಚಿತ್ರವನ್ನು ನೋಡಿದರು. ಮಾತುಗಳಿಗೆ ಅಡಿಬರಹವಿರಲಿಲ್ಲ, ಸ್ವೀಡಿಷ್ ಭಾಷೆ ಬಾರದು. ಅರ್ಥವಾಗದ ಮಾತುಗಳ ನಡುವೆ ಚಿತ್ರಗಳು ಮಾತ್ರ ಕಣ್ಣೊಳಗೆ ಇಳಿದವು. ಯುರೋಪಿನವನು ಮಧ್ಯಯುಗವನ್ನು ಓದಿನಿಂದ ಕಲ್ಪಿಸಿಕೊಳ್ಳಬೇಕು, ನಮ್ಮಲ್ಲಾದರೋ ಅದು ಬದುಕಿನಲ್ಲಿಯೇ ಇದೆ ಎಂಬ ವಿಚಾರ ಗುರುಶಿಷ್ಯರ ನಡುವೆ ಬಂದಿತು. ಹಾಗಿದ್ದರೆ ಅದನ್ನೇ ಬರೆಯಬಾರದೇಕೆ ಎಂದು ಗುರುಗಳು ಪ್ರೇರೇಪಿಸಿದರು. ಆ ಪರದೇಶದ ಚಳಿಯಲ್ಲಿ ಅವರ ಮನಸ್ಸಿಗೆ ಮರಳಿದ್ದು ತಾವು ಬೆಳೆದ ಅಗ್ರಹಾರ ಮತ್ತು ಬಾಲ್ಯದಲ್ಲಿ ಕಂಡು ಕೇಳಿದ ಪ್ಲೇಗಿನ ನೆನಪು. ೧೯೬೫ರಲ್ಲಿ ‘ಸಂಸ್ಕಾರ’ ಕಾದಂಬರಿ ಪ್ರಕಟವಾಯಿತು. ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರಾರು ಎಂಬ ಪ್ರಶ್ನೆಯ ಸುತ್ತ ಕನ್ನಡ ನಾಡೇ ಚರ್ಚಿಸಿತು. ೧೯೭೦ರಲ್ಲಿ ಅದು ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ ಚಲಚ್ಚಿತ್ರವಾಯಿತು, ೧೯೭೬ರಲ್ಲಿ ಎ. ಕೆ. ರಾಮಾನುಜನ್ನರ ಆಂಗ್ಲಾನುವಾದದ ಮೂಲಕ ಹೊರಜಗತ್ತಿಗೆ ತಲುಪಿತು.

ಒಂದು ಇಗರ್ಜಿಯ ಮಾಳಿಗೆಯಿಂದ ಹುಡುಗನ ಕಣ್ಣಿಗೆ, ಅಲ್ಲಿಂದ ಪರದೆಗೆ, ಪರದೆಯಿಂದ ಮಲೆನಾಡಿನ ಅಗ್ರಹಾರಕ್ಕೆ ಬಂದ ಈ ಯಾತ್ರೆಯನ್ನು ನೋಡಿರಿ. ಒಬ್ಬರ ಚಿತ್ರವು ಮತ್ತೊಬ್ಬರಲ್ಲಿ ಅದೇ ಚಿತ್ರವಾಗಿ ಉಳಿಯಲಿಲ್ಲ. ಅನಂತಮೂರ್ತಿಯವರು ಚದುರಂಗದ ಕಥೆ ಬರೆಯಲಿಲ್ಲ. ಬೇರೆಯವರ ದೀಪವನ್ನು ಹಿಡಿದು ತಮ್ಮ ಮನೆಯ ಕತ್ತಲೆ ಕೋಣೆಯೊಳಗೆ ನಡೆದರು. ಅಲ್ಲಿ ಅವರದೇ ಆದ ನೆನಪು ಮೊದಲೇ ಇಲ್ಲದಿರುತ್ತಿದ್ದರೆ ಆ ಬೆಳಕಿನಲ್ಲಿ ಕಾಣುವುದಕ್ಕೆ ಏನೂ ಇರುತ್ತಿರಲಿಲ್ಲ.

ಮನೆಯ ಮಾತು, ಶಾಲೆಯ ಮಾತು

ನಮ್ಮ ಗಡಿನಾಡಿನ ಮಟ್ಟಿಗೆ ಈ ವಿಚಾರದಲ್ಲಿ ಒಂದು ವಿಶೇಷ ತೊಡಕಿದೆ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೂ ಮೊದಲೇ ಇಲ್ಲಿ ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಮಲಯಾಳ, ಆಚೆ ಮನೆಯಲ್ಲಿ ಕೊಂಕಣಿ, ಮರಾಟಿ ಅಥವಾ ಹವ್ಯಕರ ಕನ್ನಡ. ಶಾಲೆಯಲ್ಲಿ ಗ್ರಾಂಥಿಕ ಕನ್ನಡ. ಮಗುವಿನ ನೆನಪುಗಳು ಒಂದು ಮಾತಿನಲ್ಲಿ ಶೇಖರವಾಗಿರುತ್ತವೆ, ಬರವಣಿಗೆ ಮತ್ತೊಂದರಲ್ಲಿ ನಡೆಯಬೇಕಾಗುತ್ತದೆ. ಇದು ದಾಟಲಾಗದ ಹೊಳೆಯಲ್ಲ. ಕಾಸರಗೋಡಿನಲ್ಲಿ ೧೯೩೬ರಲ್ಲಿ ಜನಿಸಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಕನ್ನಡವಲ್ಲ. ಆದರೂ ತಾವು ಕಂಡ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳ ಬಾಳನ್ನು, ನಮ್ಮದೇ ಹೊಳೆಯ ಹೆಸರನ್ನಿಟ್ಟು, ‘ಚಂದ್ರಗಿರಿಯ ತೀರದಲ್ಲಿ’ ಎಂಬ ಕಾದಂಬರಿಯಾಗಿ ಅವರು ಕನ್ನಡದಲ್ಲಿಯೇ ಬರೆದರು. ಆ ಮನೆಗಳ ಒಳಗಣ ಬದುಕನ್ನು ಅದಕ್ಕೆ ಮುಂಚೆ ಕನ್ನಡದ ಓದುಗರು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ೨೦೨೩ರಲ್ಲಿ ಅವರು ತೀರಿಕೊಂಡಾಗ ನಮ್ಮ ಶಾಲೆಯ ಮಕ್ಕಳಿಗೆ ನಾವು ಹೇಳಿದ ಮಾತು ಇಷ್ಟೆ: ಅವರು ದೂರದ ಊರಿನ ಕಥೆಯನ್ನು ಹುಡುಕಿಕೊಂಡು ಹೋಗಲಿಲ್ಲ.

ಹಾಗೆ ಹೇಳುವ ಅಧಿಕಾರ ನಮಗಿತ್ತೇ ಎಂಬುದು ಬೇರೆ ಮಾತು. ಈಗ ನಮ್ಮ ತಪ್ಪಿಗೆ ಬರುತ್ತೇವೆ.

ಕೆಂಪು ಮಸಿ

ನಾವು ಅಧ್ಯಾಪಕರಾಗಿ ಸೇರಿ ಕೆಲವೇ ವರ್ಷಗಳಾಗಿದ್ದ ಕಾಲ. ಆರನೆಯ ತರಗತಿಗೆ ‘ಮಳೆಗಾಲ’ ಎಂಬ ಪ್ರಬಂಧವನ್ನು ಕೊಟ್ಟಿದ್ದೆವು. ಮೂವತ್ತು ಪುಸ್ತಕಗಳಲ್ಲಿ ಇಪ್ಪತ್ತೊಂಬತ್ತು ಒಂದೇ ಬಗೆಯವು. ಮಳೆಗಾಲದಲ್ಲಿ ಭೂದೇವಿಯು ಹಸಿರು ಸೀರೆಯನ್ನುಡುವಳು, ರೈತರ ಮೊಗದಲ್ಲಿ ನಗೆ ಮೂಡುವುದು, ಇತ್ಯಾದಿ. ಅವುಗಳಿಗೆ ಹತ್ತಕ್ಕೆ ಏಳೆಂಟು ಅಂಕಗಳನ್ನು ಕೊಟ್ಟೆವು. ಒಬ್ಬ ಹುಡುಗಿಯು ಮಾತ್ರ ಬೇರೆ ಬರೆದಿದ್ದಳು. ಅವಳ ಅಜ್ಜನು ಸುರಂಗದ ಕೆಲಸದವನು. ಮಳೆಗಾಲದಲ್ಲಿ ಕೆಲಸವಿಲ್ಲದೆ ಆತ ಜಗಲಿಯಲ್ಲಿ ಕುಳಿತು, ಮಾಡಿನಿಂದ ಬೀಳುವ ನೀರನ್ನು ನೋಡುತ್ತ, “ಈ ನೀರನ್ನೇ ಅಲ್ಲವೋ ನಾನು ಬೇಸಗೆಯಲ್ಲಿ ಗುಡ್ಡದ ಹೊಟ್ಟೆಯಲ್ಲಿ ಹುಡುಕುವುದು” ಎನ್ನುತ್ತಾನೆಂದೂ, ಗೋಡೆಯ ಗೂಟದಲ್ಲಿ ನೇತುಹಾಕಿದ ಅವನ ಮುಟ್ಟಾಳೆಯೊಳಗೆ ಹುಳ ಗೂಡು ಕಟ್ಟಿದೆಯೆಂದೂ ಬರೆದಿದ್ದಳು. ನಡುನಡುವೆ ತುಳುವಿನ ಪದಗಳು. ಕಾಗುಣಿತದ ತಪ್ಪುಗಳು ಸಾಕಷ್ಟಿದ್ದವು.

ನಾವು ಕೆಂಪು ಮಸಿಯ ಲೇಖನಿಯಿಂದ ‘ಮುಟ್ಟಾಳೆ’ ಎಂಬುದನ್ನು ಹೊಡೆದುಹಾಕಿ ‘ಶಿರಸ್ತ್ರಾಣ’ ಎಂದು ಬರೆದೆವು. ‘ಗುಡ್ಡದ ಹೊಟ್ಟೆ’ಯ ಕೆಳಗೆ ಗೆರೆಯೆಳೆದು ‘ಗ್ರಾಮ್ಯ’ ಎಂದೆವು. ಅಂಚಿನಲ್ಲಿ ‘ವಿಷಯಾಂತರ’ ಎಂದು ಬರೆದು ನಾಲ್ಕು ಅಂಕ ಕೊಟ್ಟೆವು. ಮುಂದಿನ ಪ್ರಬಂಧದಲ್ಲಿ ಆ ಹುಡುಗಿಯ ಭೂದೇವಿಯೂ ಹಸಿರು ಸೀರೆಯನ್ನುಟ್ಟಳು. ನಮಗೆ ಸಂತೋಷವಾಯಿತು, ಎಂಟು ಅಂಕ ಕೊಟ್ಟೆವು.

ಹದಿನೈದು ವರ್ಷಗಳ ಬಳಿಕ ಒಂದು ಮದುವೆಯ ಮನೆಯಲ್ಲಿ ಅವಳು ಸಿಕ್ಕಿದಳು. ಕಂಕುಳಲ್ಲಿ ಮಗುವಿತ್ತು. ಕುಶಲಪ್ರಶ್ನೆಯಾದ ಮೇಲೆ, ಏನಾದರೂ ಬರೆಯುತ್ತಿರುವೆಯಾ ಎಂದು ಅಭ್ಯಾಸಬಲದಿಂದ ಕೇಳಿದೆವು. ಅವಳು ನಕ್ಕು, “ಇಲ್ಲ ಮಾಷ್ಟ್ರೆ, ಅಜ್ಜನ ಮುಟ್ಟಾಳೆಯದ್ದೇ ಕಡೆ” ಎಂದಳು. ಅಜ್ಜ ಹೇಗಿದ್ದಾರೆ ಎಂದೆವು. ತೀರಿಹೋಗಿ ಬಹಳ ವರ್ಷವಾಯಿತು ಎಂದಳು. ಆ ಪುಸ್ತಕ ಇದೆಯೇ ಎಂದು ಕೇಳುವ ಧೈರ್ಯ ಬರಲು ಸ್ವಲ್ಪ ಹೊತ್ತಾಯಿತು. “ಒರಳೆ ತಿಂದಿತು” ಎಂದು ಹೇಳಿ ಅವಳು ಊಟದ ಪಂಕ್ತಿಯ ಕಡೆಗೆ ಹೋದಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತು.

ನಮ್ಮ ತೋಟದಲ್ಲಿ ಸುರಂಗ ಕೊರೆದವನು ಬೇರೆ, ಅವಳ ಅಜ್ಜನು ಬೇರೆ. ಆದರೆ ನಾವು ಬಾಲ್ಯದಿಂದ ಒಳಗೆ ಹೊತ್ತುಕೊಂಡಿದ್ದ ಚಿತ್ರವೇ ಆ ಪುಸ್ತಕದಲ್ಲಿ ಮತ್ತೊಂದು ಮಗುವಿನ ಕೈಯಿಂದ ಬರೆಯಲ್ಪಟ್ಟಿತ್ತು. ನಾವು ಬರೆಯಲಾರದೆ ಬಿಟ್ಟುದನ್ನು ಅವಳು ಹನ್ನೊಂದನೆಯ ವಯಸ್ಸಿನಲ್ಲಿ ಬರೆದಿದ್ದಳು. ನಾವು ಅದನ್ನು ಗುರುತಿಸಲಿಲ್ಲ. ನಮ್ಮ ಸ್ವಂತ ನೆನಪಿಗೆ ನಾವು ಮರ್ಯಾದೆ ಕೊಡದಿದ್ದುದರಿಂದಲೇ ಅವಳ ನೆನಪಿಗೂ ಕೊಡಲಾರದೆ ಹೋದೆವು ಎಂದು ಈಗ ತೋರುತ್ತದೆ.

ಶುಕ್ರವಾರದ ಪುಸ್ತಕ

ಆ ಮದುವೆಯಿಂದ ಮರಳಿದ ಮೇಲೆ ನಮ್ಮ ಶಾಲೆಯಲ್ಲಿ ಒಂದು ಕ್ರಮವನ್ನಿಟ್ಟುಕೊಂಡೆವು. ಶುಕ್ರವಾರದ ಕೊನೆಯ ಅವಧಿಯಲ್ಲಿ ಮಕ್ಕಳು ‘ಕಂಡದ್ದು’ ಎಂಬ ಪುಸ್ತಕದಲ್ಲಿ ಆ ವಾರ ತಾವು ಕಣ್ಣಾರೆ ಕಂಡ ಒಂದೇ ಒಂದು ಸಂಗತಿಯನ್ನು ಬರೆಯಬೇಕು. ಬಣ್ಣ, ವಾಸನೆ, ಯಾರು ಏನೆಂದರು ಎಂಬುದು ಇರಬೇಕು. ಪದ ತಿಳಿಯದಿದ್ದರೆ ಮನೆಯಲ್ಲಿ ಹೇಳುವ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆಯಬಹುದು. ಅದಕ್ಕೆ ಅಂಕವಿಲ್ಲ, ಕೆಂಪು ಮಸಿಯಿಲ್ಲ. ವ್ಯಾಕರಣ, ಕಾಗುಣಿತಗಳನ್ನು ಉಳಿದ ದಿನಗಳಲ್ಲಿ ಕಟ್ಟುನಿಟ್ಟಾಗಿಯೇ ಕಲಿಸುತ್ತೇವೆ. ಅವು ಬೇಡವೆಂದು ಯಾರೂ ತಿಳಿಯಬಾರದು. ಇದರಿಂದ ನಮ್ಮ ಮಕ್ಕಳೆಲ್ಲರೂ ಸಾಹಿತಿಗಳಾಗಿಬಿಟ್ಟರೆಂದು ಹೇಳುವುದಿಲ್ಲ. ಹೆಚ್ಚಿನ ದಿನ ಬರುವುದು ಬೆಕ್ಕು ಮರಿಹಾಕಿದ ಸುದ್ದಿ, ಬಸ್ಸು ತಪ್ಪಿದ ಸುದ್ದಿ. ಆದರೆ ಒಮ್ಮೆ ಒಬ್ಬ ಹುಡುಗನು, ಗಲ್ಫಿಗೆ ಹೊರಟ ತಂದೆಯು ಆಟೋ ಹತ್ತಿದ ಮೇಲೆ ಅಂಗಳದಲ್ಲಿ ಅವರ ಚಪ್ಪಲಿಯ ಗುರುತು ಮಳೆ ಬರುವವರೆಗೂ ಇತ್ತು ಎಂದು ಬರೆದನು. ಅಷ್ಟೆ ಬರೆದು ಪುಸ್ತಕ ಮುಚ್ಚಿದ್ದನು. ಅದು ಮುಂದೆ ಅವನಲ್ಲಿ ಏನಾಗುವುದೋ ಯಾರು ಬಲ್ಲರು? ಏನೂ ಆಗದಿದ್ದರೂ ಅದು ಅವನದಾಗಿ ಉಳಿಯಲಿ.

ಈ ಪತ್ರಿಕೆಯನ್ನು ಓದುವ ತಾಯಿ ತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇದು. ಇಂದು ರಾತ್ರಿ ಊಟವಾದ ಮೇಲೆ, ಕೈಯಲ್ಲಿನ ಮೊಬೈಲನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನಿಮ್ಮ ಮನಸ್ಸಿನಲ್ಲಿ ಕಾರಣವಿಲ್ಲದೆ ಉಳಿದಿರುವ ಒಂದು ಚಿತ್ರವನ್ನು ಮಕ್ಕಳಿಗೆ ಹೇಳಿರಿ. ನೀತಿಪಾಠವನ್ನು ಸೇರಿಸಬೇಡಿರಿ. ಬಳಿಕ ಅವರದೊಂದನ್ನು ಕೇಳಿರಿ, ಮನೆಮಾತಿನಲ್ಲಿಯೇ ಕೇಳಿರಿ. ಅವರು ಬರೆದು ತೋರಿಸಿದರೆ ತಿದ್ದುವುದಕ್ಕೆ ಮೊದಲು ಒಮ್ಮೆ ಪೂರ್ತಿ ಓದಿರಿ.

ನಾವೂ ಕಳೆದ ಮಳೆಗಾಲದಲ್ಲಿ ಒಂದು ಪುಸ್ತಕ ಕೊಂಡು ಆ ಸುರಂಗದ ದೀಪವನ್ನು ಬರೆಯತೊಡಗಿದ್ದೇವೆ. ಈವರೆಗೆ ಎರಡೂವರೆ ಪುಟವಾಗಿದೆ. ಸಂಜೆ ಹೊರಗೆ ಬಂದ ಆ ಮನುಷ್ಯನ ತಲೆಯ ಮೇಲೆ ಇದ್ದದ್ದು ಮುಟ್ಟಾಳೆಯೆಂದೇ ಬರೆದಿದ್ದೇವೆ.