ಬಿದ್ದುಹೋದ ಅಕ್ಷರದ ಗುರುತು

ದೇವಳಾಲಿ ಕ್ಯಾಂಪಿನಲ್ಲಿ ನಮಗೆ ಪರಿಚಯವಿರುವ ಕನ್ನಡ ಮನೆಯೊಂದರ ಹುಡುಗಿ ಮೂರನೆಯ ತರಗತಿಯಲ್ಲಿ ಓದುತ್ತಾಳೆ. ತರಗತಿಯಲ್ಲಿ ಮಾತನಾಡಿದ್ದಕ್ಕೆ ಶಿಕ್ಷಕಿ ಗದರಿದಾಗ ‘ಇನ್ನು ಮಾತನಾಡುವುದಿಲ್ಲ’ ಎನ್ನಲು ಹೊರಟವಳು ‘ವೋಂಟ್’ ಎನ್ನುವಲ್ಲಿ ‘ವಾಂಟ್’ ಎಂದಳಂತೆ. ಮಾತನಾಡಬೇಕೆಂಬುದೇ ಅವಳ ಹಟವೆಂದು ಶಿಕ್ಷಕಿಗೆ ಕೇಳಿಸಿತು. ಅಂದಿನಿಂದ ಆ ಮನೆಯಲ್ಲಿ ಮಕ್ಕಳೊಡನೆ ಇಂಗ್ಲಿಷೇ ನಡೆಯಬೇಕೆಂದು ತಂದೆ ತೀರ್ಮಾನಿಸಿದರು. ಅಜ್ಜಿ ಮೌನಿಯಾದರು.

ಈ ತೀರ್ಮಾನ ನಮಗೆ ಸರಿಯೆನಿಸಲಿಲ್ಲ. ಈ ಪಾಠದಲ್ಲಿ ಮಗುವಿನ ಕೈಹಿಡಿಯುವುದು ಅಜ್ಜಿಯ ಕನ್ನಡವೇ.

ಇಂಗ್ಲಿಷಿನಲ್ಲಿ ‘ಡು ನಾಟ್’ ಎಂಬೆರಡು ಪದಗಳು ಕೂಡಿ ‘ಡೋಂಟ್’ ಆಗುತ್ತವೆ. ಬರೆಯುವಾಗ ಅಕ್ಷರಗಳ ನಡುವೆ, ಸಾಲಿನ ಮೇಲ್ಭಾಗದಲ್ಲಿ, ಅಪಾಸ್ಟ್ರಫಿ ಎಂಬ ಕೊಕ್ಕೆಯಂಥ ಚಿಹ್ನೆ ಬೀಳುತ್ತದೆ. ಬಹಳ ಮಕ್ಕಳು ಅದನ್ನು ಎರಡು ಪದಗಳ ಬೆಸುಗೆಯೆಂದು ತಿಳಿದು ‘ಡು’ ಮುಗಿದೊಡನೆ ಹಾಕಿಬಿಡುತ್ತಾರೆ. ಅದು ಬೆಸುಗೆಯಲ್ಲ, ಬಿದ್ದುಹೋದ ಅಕ್ಷರದ ಗುರುತು. ‘ನಾಟ್’ ಪದದ ನಡುವಿನ ‘ಓ’ ಬಿದ್ದಿದೆ. ಆದುದರಿಂದ ಚಿಹ್ನೆಯ ಸ್ಥಾನ ‘ಎನ್’ ಮತ್ತು ‘ಟೀ’ಗಳ ನಡುವೆ.

ಇದೇ ವ್ಯಾಪಾರವನ್ನು ಮಗು ಮನೆಯಲ್ಲಿ ದಿನವೂ ನಡೆಸುತ್ತಿರುತ್ತದೆ. ‘ಗೊತ್ತು’, ‘ಇಲ್ಲ’ ಎಂದು ಬಿಡಿಸಿ ಹೇಳುವವರಾರು? ‘ಗೊತ್ತಿಲ್ಲ’ ಎಂದೇ ಹೇಳುತ್ತೇವೆ. ‘ಗೊತ್ತು’ ಪದದ ಕೊನೆಯ ಉಕಾರ ಲೋಪವಾಯಿತು. ಇದು ಶಾಲೆಯಲ್ಲಿ ನಾವೆಲ್ಲ ಕಲಿತ ಲೋಪಸಂಧಿ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯ ನಿಯಮಗಳನ್ನು ವಿವರಿಸಿದ್ದಾನೆ. ಭೇದವಿರುವುದು ಎರಡೇ ಕಡೆ. ನಮ್ಮಲ್ಲಿ ಮೊದಲ ಪದದ ತುದಿ ಬೀಳುತ್ತದೆ, ‘ಡೋಂಟ್’ನಲ್ಲಿ ಎರಡನೆಯ ಪದದ ಒಡಲು ಬೀಳುತ್ತದೆ. ನಾವು ಬಿದ್ದದ್ದಕ್ಕೆ ಗುರುತಿಡುವುದಿಲ್ಲ, ಅವರು ಇಡುತ್ತಾರೆ.

ಕಲಿಸುವ ವಿಧಾನ ಸುಲಭ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಷರಗಳನ್ನು ಬರೆದು ಕತ್ತರಿಸಿ, ಮಗುವಿನಿಂದಲೇ ‘ಓ’ ಚೀಟಿಯನ್ನು ತೆಗೆಸಿ, ಆ ಜಾಗದಲ್ಲಿ ಒಂದು ಹುಣಸೆಬೀಜ ಇಡಿಸಬೇಕು. ‘ಐ ಆ್ಯಮ್’ನಲ್ಲಿ ‘ಎ’ ಹೋಗುತ್ತದೆ, ‘ವಿ ಆರ್’ನಲ್ಲೂ ಅದೇ. ನಾಲ್ಕಾರು ಪದಗಳಾದ ಮೇಲೆ ಬೀಜದ ಅಗತ್ಯವಿರುವುದಿಲ್ಲ.

‘ವೋಂಟ್’ ಮಾತ್ರ ಈ ಲೆಕ್ಕಕ್ಕೆ ಸಿಗದು. ‘ವಿಲ್ ನಾಟ್’ ಕೂಡಿದರೆ ಈ ರೂಪ ಬರುವುದೆಂತು? ಹಿಂದೆ ‘ವಿಲ್’ಗೆ ‘ವೋಲ್’ ಎಂಬ ರೂಪವೂ ಇತ್ತು. ಅದು ಬಿಟ್ಟುಹೋದರೂ ಅದರಿಂದ ಹುಟ್ಟಿದ ನಿಷೇಧರೂಪ ಉಳಿಯಿತು. ಮಕ್ಕಳು ಇದನ್ನು ಬಾಯಿಪಾಠ ಮಾಡುವುದೇ ಸರಿ. ‘ವಾಂಟ್’ ಜೊತೆಗಿಟ್ಟು ಹತ್ತು ಸಲ ಗಟ್ಟಿಯಾಗಿ ಹೇಳಿಸಿದರೆ ನಾಲಿಗೆ ಪಳಗುತ್ತದೆ.

ಇಂಗ್ಲೆಂಡಿನಲ್ಲಿಯೂ ಈ ಮೊಟಕು ರೂಪಗಳನ್ನು ಒಪ್ಪದವರಿದ್ದರು. 1710ರಲ್ಲಿ ಜೊನಾಥನ್ ಸ್ವಿಫ್ಟ್ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಇವುಗಳನ್ನು ಹಳಿದಿದ್ದ. ಬ್ಯಾಂಕಿನ ಪತ್ರಗಳಲ್ಲಿ ನಾವು ಇಂದಿಗೂ ಬಿಡಿಸಿಯೇ ಬರೆಯುತ್ತೇವೆ. ‘ಬರಲ್ಲ’ ಎಂದು ಆಡಿದರೂ ಅರ್ಜಿಯಲ್ಲಿ ‘ಬರುವುದಿಲ್ಲ’ ಎಂದು ಬರೆಯುವಂತೆ ಇದೂ ಒಂದು ಮರ್ಯಾದೆ ಎಂದರೆ ಮಗುವಿಗೆ ಅರ್ಥವಾಗುತ್ತದೆ.

ನಾಲಿಗೆಯ ಈ ಗುಣಕ್ಕೆ ನಮ್ಮೂರ ಹೆಸರೇ ಸಾಕ್ಷಿ. ಇಲ್ಲಿಯ ಸೇನಾ ಶಿಬಿರದಲ್ಲಿ ಹಡಗಿಗಾಗಿ ತಿಂಗಳುಗಟ್ಟಲೆ ಕಾದು ಬೇಸತ್ತ ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ದೇವಳಾಲಿ ‘ಡೂಲ್ಯಾಲಿ’ಯಾಯಿತು. ಬುದ್ಧಿ ಕೆಟ್ಟವನೆಂಬ ಅರ್ಥದಲ್ಲಿ ಅದು ಇಂಗ್ಲಿಷ್ ನಿಘಂಟುಗಳನ್ನೂ ಸೇರಿತು. ಆ ಹುಡುಗಿಗೆ ಇದನ್ನು ಹೇಳಿದಾಗ ಬಹಳ ನಕ್ಕಳು. ನಕ್ಕು, ಒಳಗೆ ಓಡಿ, ಅಜ್ಜಿಗೆ ಕನ್ನಡದಲ್ಲಿ ಹೇಳಿದಳು.